ಖತೀಜಾಬಿಯ ಹೆಸರು ಬರೆದುಕೊಂಡವರು

ನಮ್ಮೂರು ಚಿಕ್ಕೇರೂರಿನ ಬಳೆಗಾರ್ತಿ ಖತೀಜಾಬಿ ತಲೆಯ ಮೇಲೆ ಬಳೆಬುಟ್ಟಿ ಹೊತ್ತು ಹಂಸಭಾವಿಯವರೆಗಿನ ಹಾದಿಯನ್ನೆಲ್ಲ ನಡೆದು ಸವೆಸಿದವಳು. ಅಂಗೈ ಒತ್ತಿ ಬಳೆ ಏರಿಸುವಷ್ಟು ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ತವರಿನ ಸುದ್ದಿ ಹೇಳಬೇಕು, ಅವರದ್ದನ್ನು ಕೇಳಿಕೊಂಡು ಹೋಗಬೇಕು. ಸುದ್ದಿಯಿಲ್ಲದ ಬಳೆಯನ್ನು ನಮ್ಮ ಕಡೆ ಯಾವಳೂ ಇಡಿಸಿಕೊಳ್ಳುತ್ತಿರಲಿಲ್ಲ.

ಚೀನಾದ ಜೊತೆ ಯುದ್ಧ ನಡೆದ ವರ್ಷ ಅದು. ಪಂಚಾಯ್ತಿಯ ರೇಡಿಯೋ ಚಾವಡಿಯಲ್ಲಿತ್ತು. ಹೆಂಗಸರು ಚಾವಡಿ ಕಟ್ಟೆ ಹತ್ತುವಂತಿರಲಿಲ್ಲ. ಗಂಡಸರು ಕೇಳಿದ್ದು ಖತೀಜಾಬಿಯ ಕಿವಿಗೆ ಬಿದ್ದು, ಬುಟ್ಟಿಯ ಜೊತೆ ಮನೆಮನೆಗೆ ಹೋಗುತ್ತಿತ್ತು. ಅಷ್ಟರಲ್ಲಿ ಡಂಗುರ ಬಿತ್ತು: ಯುದ್ಧದ ಸುಳ್ಳುಸುದ್ದಿ ಹಬ್ಬಿಸಿದವರಿಗೆ ಜೈಲು.

ಒಂದು ಮಧ್ಯಾಹ್ನ ಹಂಸಭಾವಿಯಲ್ಲಿ ಆಕೆ ಫಕ್ಕೀರವ್ವನ ಕೈ ಹಿಡಿದಳು. ನಮ್ಮೂರ ವೀರವ್ವನ ಮಗಳು, ಚೊಚ್ಚಲ ಬಸುರಿ. ಸೀಮಂತದ ಕುಬಸದ ದಿನ ಇಡಿಸಿದ್ದ ಹಸಿರು ಬಳೆಗಳು ಮಾಂಸದಲ್ಲಿ ಹೂತುಹೋಗಿದ್ದವು. ಬೆರಳೊತ್ತಿದರೆ ಕುಳಿ ಹಾಗೇ ಉಳಿಯಿತು. ಅತ್ತೆ ಒಳಗೆ ಹೋದದ್ದೇ ತಡ, ಹುಡುಗಿ ಪಿಸುಗುಟ್ಟಿದಳು.

“ಚಿಗವ್ವಾ, ಕಣ್ಣು ಮಂಜ ಮಂಜ ಆಗಾಕತ್ತಾವು. ತಲಿ ಸಿಡ್ಯಾಕತ್ತೈತಿ. ಇವರು ತವರಿಗೆ ಕಳಸೂದಿಲ್ಲ ಅಂತಾರ. ಅವ್ವಗ ಹೇಳು, ಇವತ್ತ ಗಾಡಿ ಹೂಡಿಸ್ಕೊಂಡು ಬರಲಿ. ಇಲ್ಲಂದ್ರ ನಾ ಉಳಿಯಾಂಗಿಲ್ಲ.”

ಖತೀಜಾಬಿ ಬಿರಬಿರನೆ ಊರಿಗೆ ನಡೆದಳು. ಕೆರೆಯ ಏರಿಯ ಮೇಲೆ ನೆರೆಮನೆಯ ಹೊಳೆವ್ವ ಎದುರಾದಳು.

“ಎಲ್ಲಿಗಿ ಹೊಂಟೀಬೇ? ಧಾರವಾಡದಿಂದ ಇಬ್ರು ಪ್ಯಾಂಟಿನವ್ರು ಬಂದಾರ. ‘ಯುದ್ಧದ ಸುದ್ದಿ ನಿಮಗ ಯಾರು ಹೇಳಿದ್ರು’ ಅಂತ ಮನಿಮನಿ ಕೇಳಾಕತ್ತಾರ. ಎಲ್ರೂ ನಿನ್ನ ಹೆಸರ ಬರೆಸ್ಯಾರ.”

“ನೀನೂ?”

“ಮತ್ತ? ನನ್ನ ಗಂಡ ಹೇಳಿದಾ ಅಂದ್ರ ಅವನ್ನ ಎಳ್ಕೊಂಡು ಹೋಗಾಂಗಿಲ್ಲೇನು?”

ಖತೀಜಾಬಿ ಅವಳ ಕೈ ಹಿಡಿದುಕೊಂಡಳು. “ವೀರವ್ವನ ಮನಿಗೆ ಒಂದ ಮಾತು ಮುಟ್ಟಸ್ತೀಯೇನು?”

“ಒಲ್ಲೆವ್ವಾ. ನಾಳಿ ಆ ಮಾತು ಯಾರು ಹೇಳಿದ್ರು ಅಂದ್ರ?”

ಓಣಿಯ ತಿರುವಿನಿಂದ ಇಣುಕಿದರೆ ಆ ಇಬ್ಬರ ಬಿಡಾರವೇ ವೀರವ್ವನ ಮನೆಯ ಕಟ್ಟೆಯ ಮೇಲಿತ್ತು. ಖತೀಜಾಬಿ ಹಿಂದೆ ಸರಿದಳು. ಮನೆಗೆ ಹೋಗಿ ಅಗಳಿ ಹಾಕಿಕೊಂಡು ಒಲೆಯ ಮುಂದೆ ಮುದುಡಿ ಕುಳಿತಳು. ನಾಯಿ ಬೊಗಳಿದರೆ ಫೌಜದಾರ, ಸೈಕಲ್ ಹಾದರೆ ಫೌಜದಾರ. ಗಂಡ ಸತ್ತ ಹೆಂಗಸು. ಜೈಲಿಗೆ ಹಾಕಿದರೆ ಬಿಡಿಸಿಕೊಂಡು ಬರುವವರು ಯಾರು? ಆದರೆ ಆ ಬಾತ ಕೈಯ ಮೆತ್ತನೆಯ ಕುಳಿ ಬೆರಳ ತುದಿಯಿಂದ ಹೋಗಲೊಲ್ಲದು.

ಹೊತ್ತು ಇಳಿಯುವಾಗ ಅಗಳಿ ತೆಗೆದು ವೀರವ್ವನ ಮನೆಗೆ ನಡೆದಳು. ವೀರವ್ವ ಆ ಇಬ್ಬರಿಗೆ ಚಹಾ ಕೊಡುತ್ತಿದ್ದಳು.

“ವೀರವ್ವಾ, ಗಾಡಿ ಹೂಡ್ಸು. ಫಕ್ಕೀರಿ ಕೈ ಬಾತಾವ, ಕಣ್ಣು ಕಾಣವಲ್ವು. ಈಗಿಂದೀಗ ಹೋಗು.”

ವೀರವ್ವ ಬಟ್ಟಲು ನೆಲಕ್ಕಿಟ್ಟು, ಗಂಡನನ್ನು ಕೂಗುತ್ತ ಹಿತ್ತಲಿಗೆ ಓಡಿದಳು. ಬಂದವರಲ್ಲಿ ಹಿರಿಯವನು ರೂಢಿಯಂತೆ ಪೆನ್ನು ತೆಗೆದ.

“ಈ ಸುದ್ದಿ ನಿಮಗ ಯಾರು ಹೇಳಿದ್ರು, ಅವ್ವಾರ?”

ಖತೀಜಾಬಿ ಎರಡೂ ಕೈ ಜೋಡಿಸಿ ಮುಂದೆ ಚಾಚಿದಳು. “ಎಲ್ಲಾ ನಾನ ಹೇಳೇನ್ರಿ. ಬೇಡಿ ಹಾಕ್ರಿ. ಆ ಹುಡುಗಿ ಹೆಸರ ಮಾತ್ರ ಬರಿಬ್ಯಾಡ್ರಿ, ಆಕೀ ಅತ್ತಿ ಕೊಂದಾಳು.”

ಅವನೇ ಬೆಚ್ಚಿದ. ತಾವು ಪೊಲೀಸರಲ್ಲ, ರೇಡಿಯೋ ಕೇಳದವರಿಗೆ ಸುದ್ದಿ ಹೇಗೆ ಮುಟ್ಟುತ್ತದೆ, ಜನ ಯಾರ ಮಾತು ನಂಬುತ್ತಾರೆ ಎಂದು ತಿಳಿಯಲು ಬಂದವರು ಎಂದು ಬಿಡಿಸಿ ಬಿಡಿಸಿ ಹೇಳಿದ. ಆಕೆ ತಲೆಯಾಡಿಸಿದಳು, ನಂಬಲಿಲ್ಲ. ಅಂಥದ್ದೊಂದು ಸಂಶೋಧನೆ ಲೋಕದಲ್ಲಿದೆಯೆಂದು ನಾನೇ ಓದಿ ತಿಳಿಯಲು ಎಷ್ಟೋ ವರ್ಷ ಹಿಡಿಯಿತು.

ಗಾಡಿ ಫಕ್ಕೀರವ್ವನನ್ನು ಹಾನಗಲ್ಲಿನ ಆಸ್ಪತ್ರೆಗೆ ಮುಟ್ಟಿಸಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಯಾರೂ ಖತೀಜಾಬಿಯನ್ನು ದೂರಲಿಲ್ಲ. ಆಕೆ ಅಗಳಿ ಹಾಕಿಕೊಂಡು ಕುಳಿತದ್ದು ಯಾರಿಗೂ ಗೊತ್ತಿರಲಿಲ್ಲ.

ತನ್ನ ಮುಪ್ಪಿನಲ್ಲಿ ನನ್ನ ಹೆಂಡತಿಗೆ ಬಳೆ ಇಡಿಸುತ್ತ ಅದನ್ನು ಹೇಳಿದಳು. “ನಾ ಬಾಗಲಾ ಹಾಕ್ದಿದ್ರ ಕೂಸು ಉಳೀತಿತ್ತೇನಬೇ?” ಎಂದು ಕೇಳಿದಳು. ಕೇಳುವ ಮೊದಲು ಎದ್ದು, ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿ ಬಂದಿದ್ದಳು.