ಪ್ರೋದಾನ್ ಮೇಷ್ಟ್ರು ಮತ್ತು ತಳ ಹಿಡಿದ ರಾಕಿಯಾ

ನಮ್ಮ ಶಾಲೆಗಳಲ್ಲಿ ಎರಡು ಬಂದರೆ ನಪಾಸು, ಆರು ಬಂದರೆ ಅದಕ್ಕಿಂತ ಮೇಲೇನಿಲ್ಲ. ಬಲ್ಗೇರಿಯಾ ಪೂರ್ತಿ ಹೀಗೆಯೇ. ಆದರೆ ನಮ್ಮೂರು ದೋಲ್ನಿ ಬ್ರ್ಯಾಗ್‌ನ ಪ್ರೋದಾನ್ ವೆಲೆವ್ ಮೇಷ್ಟ್ರ ಭೌತಶಾಸ್ತ್ರದ ತರಗತಿಯಲ್ಲಿ ಮಾತ್ರ ಏಣಿ ಐದಕ್ಕೇ ನಿಲ್ಲುತ್ತಿತ್ತು. ಆರು ಅಂದರೆ ತಿಳಿಯಬೇಕಾದ್ದೆಲ್ಲ ತಿಳಿದು ಮುಗಿಯಿತು ಅಂತ ಅರ್ಥ, ಅಷ್ಟು ತಿಳಿದವನನ್ನು ತಾನಿನ್ನೂ ಕಂಡಿಲ್ಲ ಎನ್ನುತ್ತಿದ್ದರು. ಹೇಳುವಾಗ ಮೀಸೆಯ ತುದಿಯನ್ನು ಮುಟ್ಟಿಕೊಳ್ಳುತ್ತಿದ್ದುದರಿಂದ, ಕಾಣಬೇಕಾದರೆ ಕನ್ನಡಿಯಲ್ಲೇ ಕಾಣಬೇಕು ಅನ್ನುವ ಸೂಚನೆಯೂ ಅದರಲ್ಲಿ ಇರುತ್ತಿತ್ತು.

ನಿವೃತ್ತಿಯಾದ ಮೇಲೆ ಅವರ ಶಾಲೆ ದೊಡ್ಡದಾಯಿತು. ಬ್ರೆಡ್ಡಿನಂಗಡಿಯ ಮುಂದೆ ನಿಂತವರ ಸಾಲು, ಅಂಚೆ ಕಚೇರಿ, ಕ್ಷೌರದಂಗಡಿ ಎಲ್ಲವೂ ತರಗತಿಗಳೇ. ಮೆಣಸಿನಕಾಯಿ ಕೊಳ್ಳಲು ಸಂತೆಗೆ ಹೋದರೂ ಟೈ ಕಟ್ಟಿಕೊಂಡೇ ಹೋಗುತ್ತಿದ್ದರು. ಪಾಠ ಒಂದೇ: ಅಣು. ಅವರ ಶಿಷ್ಯರಲ್ಲಿ ಎಷ್ಟೋ ಜನ ಡ್ಯಾನ್ಯೂಬ್ ನದಿ ದಂಡೆಯ ಅಣು ವಿದ್ಯುತ್ ಸ್ಥಾವರಕ್ಕೆ ಕೆಲಸಕ್ಕೆ ಹೋದವರು. ಬೆಳಗ್ಗೆ ಆ ಕೆಲಸಗಾರರ ಬಸ್ಸು ಚೌಕ ದಾಟುವಾಗ ಮೇಷ್ಟ್ರು ಕಾಫಿ ಬಟ್ಟಲು ಕೆಳಗಿಟ್ಟು ಅದನ್ನು ನೋಡುತ್ತಿದ್ದ ರೀತಿ ಕಂಡರೆ, ಸ್ಥಾವರವನ್ನು ಇವರೇ ಇಟ್ಟಿಗೆ ಹೊತ್ತು ಕಟ್ಟಿ ಸರ್ಕಾರಕ್ಕೆ ಉಡುಗೊರೆ ಕೊಟ್ಟಿದ್ದಾರೆ ಅನ್ನಿಸಬೇಕು.

ನಗುತ್ತಿದ್ದೆವು, ನಿಜ. ಆದರೆ ನಕ್ಕವರಿಗೆಲ್ಲ ಆ ಚಳಿಗಾಲವೂ ನೆನಪಿತ್ತು. ದೇಶದಲ್ಲಿ ಕರೆಂಟು ಸಾಲದೆ, ಕೆಲವು ಗಂಟೆ ಬೆಳಕು, ಮತ್ತೆ ಕೆಲವು ಗಂಟೆ ಕತ್ತಲು ಅಂತ ಪಾಳಿ ಹಾಕಿದ್ದ ಚಳಿಗಾಲ. ಮೇಷ್ಟ್ರ ತಾಯಿ ಹಾಸಿಗೆ ಹಿಡಿದಿದ್ದರು. ಡಾಕ್ಟರು ಸೂಜಿ ಹಿಡಿದು ಬಂದಾಗ ನಮ್ಮ ಬೀದಿಯದು ಕತ್ತಲಿನ ಪಾಳಿ. ಮೇಷ್ಟ್ರು ಮೇಣದಬತ್ತಿ ಎತ್ತಿ ಹಿಡಿದಿದ್ದರೂ ಮುದುಕಿಯ ತೋಳಿನಲ್ಲಿ ನರ ಕಾಣಿಸಲಿಲ್ಲವಂತೆ, ಮುದುಕಿ ಉಳಿಯಲಿಲ್ಲ. ಈ ಕಥೆಯನ್ನು ಅವರು ಯಾವ ಸಾಲಿನಲ್ಲೂ ಹೇಳಿದ್ದಿಲ್ಲ. ಹೇಳಿದವರು ಅವರ ಹೆಂಡತಿ ನೆವೇನಾ.

ಇನ್ನು ಸ್ತಮೆನ್. ರೈಲ್ವೆಯಲ್ಲಿ ಸಿಗ್ನಲ್ ಕೈಮರ ಎತ್ತಿ ಇಳಿಸುತ್ತ ಆಯುಷ್ಯ ಕಳೆದವನು, ಮೇಷ್ಟ್ರ ಪಕ್ಕದ ಮನೆಯವನು, ಬಾಲ್ಯದ ಗೆಳೆಯ. ಇಬ್ಬರ ತೋಟದ ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಬಾಗಿಲು, ಎರಡೂ ಕಡೆ ಪ್ಲಮ್ ಮರ. ಒಬ್ಬೊಬ್ಬರ ಹಣ್ಣು ಒಂದು ಹಂಡೆಗೆ ಸಾಲದು. ಅರ್ಧ ಹಂಡೆಗೆ ಊರ ಭಟ್ಟಿ ನಡೆಸುವ ದೋಂಕಾ ಒಲೆ ಹಚ್ಚುವುದಿಲ್ಲ. ಹಾಗಾಗಿ ಪ್ರತಿ ಶರತ್ಕಾಲದಲ್ಲೂ ಇಬ್ಬರೂ ಹುದುಗಿದ ಹಣ್ಣನ್ನು ಒಟ್ಟಿಗೆ ಸುರಿದು ರಾಕಿಯಾ ಎನ್ನುವ ಸಾರಾಯಿ ಇಳಿಸಿ ಸಮ ಪಾಲು ಮಾಡಿಕೊಳ್ಳುತ್ತಿದ್ದರು. ನನ್ನದೊಂದು ಸಣ್ಣ ಪೀಪಾಯಿಯನ್ನೂ ಪುಣ್ಯಕ್ಕೆ ಸೇರಿಸಿಕೊಳ್ಳುತ್ತಿದ್ದರು. ಸರ್ಕಾರಗಳು ಬದಲಾದವು, ನೋಟಿನ ಮೇಲಿನ ಸೊನ್ನೆಗಳು ಉದುರಿದವು, ಈ ಪಾಲುದಾರಿಕೆ ಮಾತ್ರ ಅಲುಗಲಿಲ್ಲ.

ಅಲುಗಿಸಿದ್ದು ರಾಜಧಾನಿ ಸೋಫಿಯಾದಿಂದ ಬಂದ ಒಂದು ಸುತ್ತೋಲೆ. ಸರ್ಕಾರದ ಸಂಶೋಧನಾ ಹಣದಲ್ಲಿ ದೊಡ್ಡ ಪಾಲನ್ನು ಹೊಸ ಮಾದರಿಯ ಸಣ್ಣ ಅಣುಸ್ಥಾವರಗಳ ಅಧ್ಯಯನಕ್ಕೆ ಕೊಡಬಹುದೋ ಬೇಡವೋ, ನದಿ ದಂಡೆಯ ಊರುಗಳು ಅಭಿಪ್ರಾಯ ತಿಳಿಸಬೇಕು ಅಂತ. ಭಾನುವಾರ ವಾಚನಾಲಯದ ಸಭಾಂಗಣದಲ್ಲಿ ಚರ್ಚೆ ಅಂತ ಮೇಯರ್ ಸಾರಿದರು. ಪರವಾಗಿ ಮಾತಾಡಲು ಯಾರನ್ನು ಕರೆಯಬೇಕೆಂದು ಯಾರೂ ಯೋಚಿಸಬೇಕಾಗಿರಲಿಲ್ಲ. ಇಡೀ ಬದುಕು ಈ ಆಹ್ವಾನಕ್ಕೇ ಕಾದಿದ್ದವರಂತೆ ಮೇಷ್ಟ್ರು ಭಾಷಣ ಬರೆಯಲು ಕೂತರು. ಬರೆದದ್ದನ್ನು ನೆವೇನಾ ಮುಂದೆ ಓದಿದರು. ಆಕೆ ಪೀಠಿಕೆ ಮುಗಿಯುವ ಮುಂಚೆಯೇ ಕೋಳಿಗಳಿಗೆ ಕಾಳು ಹಾಕಬೇಕೆಂದು ಎದ್ದುಹೋದರು.

ಇದರಲ್ಲಿ ಒಂದು ಮುಳ್ಳಿತ್ತು. ಸ್ತಮೆನ್‌ನ ಮೊಮ್ಮಗಳು ರಾಲಿತ್ಸಾ. ಅಜ್ಜನೇ ಸಾಕಿ ಬೆಳೆಸಿದ ಹುಡುಗಿ, ಮೇಷ್ಟ್ರ ಕೈಯಲ್ಲಿ ಐದರ ಪಕ್ಕ ಒಂದು ಕೂಡು ಚಿಹ್ನೆ ಹಾಕಿಸಿಕೊಂಡ ಏಕಮಾತ್ರ ವಿದ್ಯಾರ್ಥಿನಿ. ಈಗ ಸೋಫಿಯಾದಲ್ಲಿದ್ದಾಳೆ. ನದಿಯ ತಳದ ಕೆಸರು ಎತ್ತಿ, ಹಿಂದಿನ ವರ್ಷಗಳಲ್ಲಿ ಅದರಲ್ಲಿ ಏನೇನು ಬಂದು ಕೂತಿದೆ ಅಂತ ಅಳೆಯುವುದು ಅವಳ ಕೆಲಸ. ಅವಳ ಸಂಬಳವೂ ಇದೇ ಸಂಶೋಧನಾ ಹಣದಿಂದ. ಹಣ ಅತ್ತ ವಾಲಿದರೆ ಮೊದಲು ಮುಚ್ಚುವುದು ಅವಳ ಪುಟ್ಟ ಪ್ರಯೋಗಾಲಯ. ಇದು ಊರಿಗೆಲ್ಲ ಗೊತ್ತಿತ್ತು, ಮೇಷ್ಟ್ರೊಬ್ಬರಿಗೆ ಗೊತ್ತಿರಲಿಲ್ಲ. ಯಾಕೆಂದರೆ ಅವರು ಯಾವಾಗಲೂ ಹೇಳುವವರು, ಅವರಿಗೆ ಹೇಳುವ ಸಂದರ್ಭವೇ ಯಾರಿಗೂ ಒದಗುತ್ತಿರಲಿಲ್ಲ. ನಾನು ಹೇಳಿಬಿಡುತ್ತೇನೆ ಎಂದರೆ ಸ್ತಮೆನ್ ಬಿಡಲಿಲ್ಲ. ಮೊಮ್ಮಗಳ ಪರವಾಗಿ ಗೆಳೆಯನ ಮುಂದೆ ಕೈಯೊಡ್ಡುವವನು ತಾನಲ್ಲ ಎಂದ.

ಭಟ್ಟಿಯಲ್ಲಿ ನಮ್ಮ ಸರದಿ ಬಂದದ್ದು ಆ ವಾರವೇ. ತಾಮ್ರದ ಹಂಡೆಗೆ ಎಲ್ಲರ ಹುದುಗಿದ ಹಣ್ಣಿನ ಕೊಳೆ ಸುರಿದು, ಕೆಳಗೆ ಓಕ್ ಸೌದೆ ಒಟ್ಟಿ ದೋಂಕಾ ಬೆಂಕಿ ಹಾಕಿದಳು. ಕೊಳೆ ಚೆನ್ನಾಗಿ ಬಿಸಿಯಾಗಿ ಮುಚ್ಚಳ ಮುಚ್ಚುವವರೆಗೆ ಹಣ್ಣಿನ ಯಜಮಾನರೇ ಮರದ ಹುಟ್ಟಿನಿಂದ ತಳ ಕೆದಕುತ್ತಿರಬೇಕು, ಅದು ಭಟ್ಟಿಯ ನೇಮ. ನಿಲ್ಲಿಸಿದರೆ ತಳ ಹಿಡಿಯುತ್ತದೆ. ಮೊದಲ ಪಾಳಿ ಮೇಷ್ಟ್ರದು. ಸ್ತಮೆನ್ ಬೂದಿಯಲ್ಲಿ ಆಲೂಗಡ್ಡೆ ಹೂತಿಡುತ್ತಿದ್ದ. ನಾನು ಉಪ್ಪಿನಕಾಯಿಯ ಭರಣಿ ತೆರೆದಿದ್ದೆ.

ಭಾನುವಾರದ ಭಾಷಣದ ಸಾರಾಂಶವನ್ನು ಅಲ್ಲೇ ಕೇಳಿಸಬೇಕೆಂದು ಮೇಷ್ಟ್ರಿಗೆ ಅನ್ನಿಸಿತು. ದೇಶಕ್ಕೆ ಬೆಳಕು ಬೇಕು, ಕಲ್ಲಿದ್ದಲಿನ ಹೊಗೆ ಸಾಕು, ಇಂದು ಹುಡುಗರಿಗೆ ಕಲಿಸದಿದ್ದರೆ ನಾಳೆ ಇರುವ ಸ್ಥಾವರವನ್ನು ನೋಡಿಕೊಳ್ಳಲೂ ಹೊರಗಿನವರನ್ನೇ ಕರೆಯಬೇಕಾಗುತ್ತದೆ. ಇಲ್ಲಿಯವರೆಗೆ ಯಾರಿಗೂ ತಕರಾರಿರಲಿಲ್ಲ. ಆದರೆ ಅಣು ಒಡೆಯುವುದು ಹೇಗೆಂದು ತೋರಿಸದೆ ಅವರ ಸಾರಾಂಶ ಯಾವತ್ತೂ ಮುಗಿದದ್ದಿಲ್ಲ. ದೋಂಕಾಳ ಕೈಯಲ್ಲಿದ್ದ ಆಲೂಗಡ್ಡೆಯನ್ನು ಬೀಜಕೇಂದ್ರ ಎಂದು ನೇಮಿಸಿ, ನ್ಯೂಟ್ರಾನ್ ಬೇಕಾಗಿದ್ದರಿಂದ ಹುಟ್ಟನ್ನು ಹಂಡೆಯಿಂದ ಮೇಲೆತ್ತಿದರು.

“ಅದನ್ನ ಒಳಗೆ ಹಾಕಿ ಮೇಷ್ಟ್ರೇ,” ಎಂದಳು ದೋಂಕಾ. “ಆಲೂಗಡ್ಡೆ ನಾನೇ ಒಡ್ಕೊಂಡು ತಿಂತೀನಿ.”

ಮೇಷ್ಟ್ರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಇಂಥದ್ದಕ್ಕೆ ಹಣ ಬೇಡವೆನ್ನುವವರು ಇನ್ನೂ ಗುಹೆಯಲ್ಲಿರುವವರು, ಕೆಸರಲ್ಲಿ ಕೈಯಾಡಿಸಲು ದುಡ್ಡು ಸುರಿಯುವ ದೇಶ ಇದೊಂದೇ ಎಂದುಬಿಟ್ಟರು. ರಾಲಿತ್ಸಾ ಅವರ ಮನಸ್ಸಿನಲ್ಲಿ ಇರಲೇ ಇಲ್ಲ. ಅವಳು ಸೋಫಿಯಾದಲ್ಲಿ ಏನೋ ದೊಡ್ಡದನ್ನೇ ಮಾಡುತ್ತಿದ್ದಾಳೆ, ದೊಡ್ಡದು ಅಂದಮೇಲೆ ಅದು ಅಣುವೇ ಇರಬೇಕು ಅಂತ ಅವರು ತಾವೇ ತೀರ್ಮಾನಿಸಿಕೊಂಡಿದ್ದರು.

ಸ್ತಮೆನ್ ಬೂದಿಯಿಂದ ಕೈ ತೆಗೆದ.

“ಆ ಮೇ ತಿಂಗಳು ನೆನಪಿದ್ಯಾ ನಿಂಗೆ? ಅಲ್ಲೆಲ್ಲೋ ಸ್ಥಾವರದಲ್ಲಿ ನಿನ್ನ ಅಣು ಸಿಡಿದಿತ್ತು, ಅದರ ವಿಷ ಮೋಡದ ಜೊತೆ ಇಲ್ಲಿಗೂ ಬಂದಿತ್ತು. ಇಲ್ಲಿ ಮಕ್ಳನ್ನ ಮಳೇಲಿ ಮೆರವಣಿಗೆ ಮಾಡ್ಸಿದ್ರು. ನಾವು ಗೋಡೆ ಪಕ್ಕದ ಸೊಪ್ಪು ಕಿತ್ತು ಕಿತ್ತು ತಿಂದ್ವಿ. ಊರಿಗೆ ಇದ್ದೋನು ನೀನೊಬ್ಬ ಭೌತಶಾಸ್ತ್ರದ ಮೇಷ್ಟ್ರು. ಒಂದು ಮಾತು ಹೇಳಿದ್ಯೇನೋ?”

ಮೇಷ್ಟ್ರ ಹುಟ್ಟು ಗಾಳಿಯಲ್ಲೇ ನಿಂತಿತು.

“ನಂಗೂ ಯಾರೂ ಹೇಳ್ಲಿಲ್ಲ ಕಣೋ,” ಎಂದರು. “ನಾನೂ ತಿಂದೆ.”

“ಗೊತ್ತು. ನಮ್ಮ ತೋಟದ್ದೇ ತಿಂದೆ. ರಾಲಿತ್ಸಾ ಆ ಕೆಸರಲ್ಲಿ ಹುಡುಕ್ತಿರೋದು ಆ ವಿಷಾನೇ. ಭಾನುವಾರ ನೀನು ಊರ ಕೈಲಿ ಕೈ ಎತ್ಸೋದು ಅವಳ ಅನ್ನದ ಮೇಲೆ. ಎತ್ಸು. ಭಾಷಣ ಚೆನ್ನಾಗಿದೆ.”

ಮೊದಲು ಮೂಗರಳಿಸಿದವಳು ದೋಂಕಾ. ಹಂಡೆಯಿಂದ ಸೀದ ವಾಸನೆ ಏಳುತ್ತಿತ್ತು. ಓಡಿಬಂದು ಮೇಷ್ಟ್ರ ಕೈಯಿಂದ ಹುಟ್ಟು ಕಿತ್ತುಕೊಂಡು ಕೆದಕಿದಳು. ತಳ ಹಿಡಿದಾಗಿತ್ತು. ಚೆಲ್ಲುತ್ತೀರೋ, ಇಳಿಸುತ್ತೀರೋ ಎಂದು ಕೇಳಿದರೆ ಮೇಷ್ಟ್ರು ಟೈ ಸರಿಮಾಡಿಕೊಂಡರು, ಸ್ತಮೆನ್ ಮತ್ತೆ ಬೂದಿ ಕೆದಕಿದ. ಗೊಣಗುತ್ತ ಮುಚ್ಚಳವಿಟ್ಟು ಅಂಚಿಗೆ ಹಿಟ್ಟು ಮೆತ್ತಿದಳು. ಇಳಿದ ರಾಕಿಯಾ ನೀರಿನ ಹಾಗೆ ತಿಳಿಯಾಗಿತ್ತು, ಸುಟ್ಟ ಮನೆಯ ಹಾಗೆ ನಾರುತ್ತಿತ್ತು. ಸಮ ಪಾಲು ಮಾಡಿ ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಒಯ್ದರು. ಆ ಸಂಜೆ ಸ್ತಮೆನ್ ಗೋಡೆಯ ಬಾಗಿಲಿಗೆ ತನ್ನ ಹಳೆಯ ಸೈಕಲ್ಲನ್ನು ಅಡ್ಡ ನಿಲ್ಲಿಸಿದ.

ಅಲ್ಲಿಂದ ಭಾನುವಾರದವರೆಗೆ ಬ್ರೆಡ್ಡಿನಂಗಡಿಯ ಸಾಲಿಗೆ ಪಾಠವಿರಲಿಲ್ಲ. ಮೇಷ್ಟ್ರು ಬಾಗಿಲು ಹಾಕಿಕೊಂಡು ಭಾಷಣದ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತಿರುತ್ತಾರೆ, ಬರೆಯುವುದೂ ಇಲ್ಲ, ಹರಿಯುವುದೂ ಇಲ್ಲ, ಕೋಳಿಗೂ ತಾವೇ ಕಾಳು ಹಾಕುತ್ತಿದ್ದಾರೆ ಎಂದು ನೆವೇನಾ ಗಾಬರಿಯಿಂದ ಹೇಳಿದರು. ಅಣುವಿನ ಪರ ಮಾತಾಡಿದರೆ ಗೆಳೆಯ ಹೋದ, ಶಿಷ್ಯೆಯೂ ಹೋದಳು. ಮಾತಾಡದಿದ್ದರೆ ಇಷ್ಟು ವರ್ಷ ಹೇಳಿಕೊಟ್ಟದ್ದೆಲ್ಲ ಬರೀ ಬಾಯಿಮಾತಾಯಿತು. ಅವರ ಜಾಗದಲ್ಲಿ ನಾನಿದ್ದರೆ ಜ್ವರ ಬಂದಿದೆ ಎಂದು ಹೇಳಿ ಕಳಿಸುತ್ತಿದ್ದೆ.

ಅವರು ಬಂದರು. ಎಂದಿನ ಟೈ, ಕಂಕುಳಲ್ಲಿ ಹಾಳೆಗಳು, ಮೊದಲ ಸಾಲು. ಸ್ತಮೆನ್ ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕೈಕಟ್ಟಿ ಕೂತಿದ್ದ. ಸೋಫಿಯಾದ ಅಧಿಕಾರಿಯೊಬ್ಬರು ಮೇಯರ್ ಪಕ್ಕದಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಛಾವಣಿ ಸೋರುವ ಕಡೆ ಎಂದಿನಂತೆ ಬಕೆಟ್ ಇಟ್ಟಿತ್ತು.

ವಿರೋಧದ ಪರ ಮೊದಲು ಎದ್ದವಳು ರಾಲಿತ್ಸಾ. ಬೆಳಗಿನ ಬಸ್ಸಿನಲ್ಲಿ ಬಂದಿಳಿದಿದ್ದಳು. ತನ್ನ ಕೆಲಸದ ಬಗ್ಗೆ ನೇರವಾಗಿ ಹೇಳಿದಳು: ನದಿ ಪದರ ಪದರವಾಗಿ ಕೆಸರು ಹಾಸುತ್ತದೆ, ಆ ಮೇ ತಿಂಗಳ ಪದರ ಇನ್ನೂ ಅಲ್ಲೇ ಇದೆ, ಅದು ಕದಲುತ್ತಿದೆಯೋ ಕೂತಿದೆಯೋ ನೋಡುವವರು ದೇಶದಲ್ಲಿ ಬೆರಳೆಣಿಕೆಯಷ್ಟು. ಮಾಂಸ ಮತ್ತು ಮೀನಿನಂಗಡಿಯ ಗಾನೋ ನಡುವೆ ಬಾಯಿ ಹಾಕಿದ.

“ಕೆಸರಿಂದ ಬಲ್ಬ್ ಹತ್ತುತ್ತೇನಮ್ಮಾ?”

“ಹತ್ತಲ್ಲ ಗಾನೋ ಮಾವ. ಆದ್ರೆ ನೀವು ಮಾರೋ ಮೀನು ಅದರಲ್ಲೇ ಮೇಯುತ್ತೆ.”

ಸಭೆ ನಕ್ಕಿತು. ಅವಳು ಮುಂದುವರಿದು ಒಂದು ಕಿಲೋ ಕೆಸರಿಗೆ ಇಷ್ಟು ಅಂತ ತಾನು ಅಳೆದ ಒಂದು ಅಂಕಿ ಹೇಳಿದಳು. ಮೊದಲ ಸಾಲಿನಿಂದ ಹಳೆಯ ದನಿ ಕೇಳಿಸಿತು.

“ಹಸಿ ಮಣ್ಣಿಗೋ, ಒಣ ಮಣ್ಣಿಗೋ?”

“ಒಣ ಮಣ್ಣಿಗೆ ಮೇಷ್ಟ್ರೇ. ಹೇಳೋದು ಮರೆತೆ.”

“ಹ್ಞೂಂ. ಮುಂದೆ ಹೇಳು.”

ಆಮೇಲೆ ಮೇಷ್ಟ್ರ ಸರದಿ. ವೇದಿಕೆ ಹತ್ತಿ, ಕನ್ನಡಕ ಏರಿಸಿ, ಪೀಠಿಕೆ ಓದತೊಡಗಿದರು. ಮಾನವಕುಲ ಬೆಂಕಿ ಕಂಡುಕೊಂಡ ದಿನದಿಂದ ಶುರುವಾಗುವ ಪೀಠಿಕೆ. ಅಧಿಕಾರಿ ಮತ್ತೆ ಗಡಿಯಾರ ನೋಡಿದರು. ಬೆಂಕಿ ಅನ್ನುವ ಪದ ಎರಡನೇ ಸಲ ಬಂದಾಗ ಮೇಷ್ಟ್ರು ಓದು ನಿಲ್ಲಿಸಿ ಕೊನೆಯ ಸಾಲಿನ ಕಡೆ ನೋಡಿದರು. ಹಾಳೆಗಳನ್ನು ಮಡಚಿದರು.

“ನಾನು ಅಣುಶಕ್ತಿ ಪರವೇ,” ಎಂದರು. “ಇವತ್ತೂ ಕೈ ಎತ್ತುತ್ತೀನಿ. ಕತ್ತಲೆ ಹೇಗಿರುತ್ತೆ ಅಂತ ನೋಡಿದೀನಿ. ಆದ್ರೆ ಮೊನ್ನೆ ದೋಂಕಾ ಭಟ್ಟೀಲಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಕಲಕಬೇಕಾದೋನು ಭಾಷಣ ಮಾಡ್ತಾ ನಿಂತ. ವಾಸನೆ ನೋಡೋಕೆ ದೋಂಕಾ ಇಲ್ದೇ ಇದ್ದಿದ್ರೆ ಹಂಡೆನೂ ಹೋಗ್ತಿತ್ತು. ಒಲೆ ದೊಡ್ಡದು ಮಾಡ್ಕೊಳ್ಳಿ. ಆದ್ರೆ ವಾಸನೆ ನೋಡೋರ ಸಂಬಳ ಕಿತ್ತು ಅದಕ್ಕೆ ಸೌದೆ ಹಾಕ್ಬೇಡಿ. ಆ ಹಣ ಬೇರೆ ಇರ್ಲಿ, ಒಲೆಯೋರ ಕೈಗೆ ಸಿಗದ ಹಾಗೆ ಇರ್ಲಿ.”

ಹಾಗಾದರೆ ತಾವು ಪರವೋ ವಿರೋಧವೋ ಎಂದು ಅಧಿಕಾರಿ ವಿನಯದಿಂದ ಕೇಳಿದರು, ಬರೆದುಕೊಳ್ಳಬೇಕಿತ್ತು. ಮೇಷ್ಟ್ರು ಅವರನ್ನು ಲೆಕ್ಕ ತಪ್ಪಿದ ಹುಡುಗನನ್ನು ನೋಡುವಂತೆ ನೋಡಿ, ಈಗ ಹೇಳಿದ್ದೇನು ಎಂದು ಕೇಳಿದರು. ಆಮೇಲೆ ಸಭೆಯತ್ತ ತಿರುಗಿದರು.

“ರಾಲಿತ್ಸಾ, ಎದ್ದು ನಿಲ್ಲು.”

ಮೂವತ್ತು ದಾಟಿದ ಹೆಂಗಸು ಶಾಲೆಯ ಹುಡುಗಿಯ ಹಾಗೆ ಎದ್ದಳು.

“ಆರು,” ಎಂದರು ಮೇಷ್ಟ್ರು. “ಕೂತ್ಕೋ.”

ಅಧಿಕಾರಿಗೆ ಏನೂ ಅರ್ಥವಾಗಲಿಲ್ಲ. ನಮಗೆಲ್ಲ ಆಗಿತ್ತು. ಗಾನೋ ಗಂಟಲು ಸರಿಮಾಡಿಕೊಂಡು ತನಗೆ ಮೂರು ಕೊಟ್ಟಿದ್ದರಲ್ಲ, ಇದೇ ಕೈಯಲ್ಲಿ ಅದನ್ನೂ ತಿದ್ದಬಹುದಲ್ಲ ಎಂದ. ಅವನದು ಸರಿಯಾಗಿಯೇ ಇದೆ ಎಂದು ಹೇಳಿ ಮೇಷ್ಟ್ರು ಕೆಳಗಿಳಿದರು.

ಕೈ ಎತ್ತುವಾಗ ಮೇಷ್ಟ್ರು ಪರವಾಗಿ ಎತ್ತಿದರು, ರಾಲಿತ್ಸಾ ವಿರುದ್ಧವಾಗಿ ಎತ್ತಿದಳು, ಗಾನೋ ಎರಡಕ್ಕೂ ಎತ್ತಿದ. ಎಣಿಸಿದ್ದು ಎರಡು ಸಲವೂ ಹೊಂದಲಿಲ್ಲ. ಕೊನೆಗೆ ಊರು ಒಂದು ನಿರ್ಣಯ ಮಾಡಿತು: ಅಣು ಸಂಶೋಧನೆಗೆ ಹಣ ಕೊಡಬೇಕು, ಕೆಸರಿನವರದ್ದನ್ನು ಮುಟ್ಟಬಾರದು, ಹಾಗೆಯೇ ವಾಚನಾಲಯದ ಛಾವಣಿಯನ್ನೂ ದುರಸ್ತಿ ಮಾಡಿಸಬೇಕು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು ಹೊರಟರು. ಸೋಫಿಯಾ ಅದರಲ್ಲಿ ಎಷ್ಟು ಓದಿತೋ ಗೊತ್ತಿಲ್ಲ. ರಾಲಿತ್ಸಾಳ ಪ್ರಯೋಗಾಲಯಕ್ಕೆ ಇನ್ನೊಂದು ವರ್ಷ ಸಿಕ್ಕಿದೆ, ಆಮೇಲಿನದು ಆಮೇಲೆ. ಛಾವಣಿಯ ಬಗ್ಗೆ ಸುದ್ದಿಯಿಲ್ಲ.

ಮರುದಿನ ಬೆಳಗ್ಗೆ ಸೈಕಲ್ಲು ಬಾಗಿಲಿನಿಂದ ತುಸು ಪಕ್ಕಕ್ಕೆ ಸರಿದಿತ್ತು, ಒಬ್ಬ ಮನುಷ್ಯ ಅಡ್ಡವಾಗಿ ನುಸುಳುವಷ್ಟು. ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡು ನುಸುಳಿದರು. ನಾನು ಹೋಗುವ ಹೊತ್ತಿಗೆ ಇಬ್ಬರೂ ಪ್ಲಮ್ ಮರದ ಕೆಳಗೆ ಆ ರಾಕಿಯಾ ಮುಂದಿಟ್ಟುಕೊಂಡು, ಒಂದೊಂದು ಗುಟುಕಿಗೂ ಮುಖ ಕಿವುಚುತ್ತ ಕೂತಿದ್ದರು. ಬರುವ ವರ್ಷ ಹುಟ್ಟು ಸ್ತಮೆನ್ ಕೈಯಲ್ಲೇ ಇರಬೇಕು, ಮೇಷ್ಟ್ರು ಆಲೂಗಡ್ಡೆ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ದೋಂಕಾ ಸರದಿ ಕೊಡಲು ಒಪ್ಪಿದ್ದಾಳಂತೆ.

ಮೇಷ್ಟ್ರು ಯಾವುದೋ ಯೋಚನೆಯಲ್ಲಿದ್ದರು. ಲೋಟ ತಿರುಗಿಸುತ್ತ ತಿರುಗಿಸುತ್ತ ಕೊನೆಗೆ ಹೇಳಿದರು.

“ಅವಳು ಒಣ ಮಣ್ಣು ಅನ್ನೋದನ್ನ ಮರೆತ್ಲಲ್ಲ ಸ್ತಮೆನ್. ಅದಕ್ಕೆ ಒಂದು ಕಾಲು ಅಂಕನಾದ್ರೂ ಕಳೀಬೇಕಿತ್ತು ನಾನು.”

“ಸುಮ್ನೆ ಕುಡಿಯೋ,” ಎಂದ ಸ್ತಮೆನ್, ಮತ್ತು ಅವರ ಲೋಟ ತುಂಬಿಸಿದ.