ಸೀಗೆಪುಡಿಯಲ್ಲಿ ತೊಳೆದ ಚಾಕುಗಳು

ಮಡಿಸುವ ಚಾಕು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ನಾನು ಕಣ್ಣಿಂದ ನೋಡುವುದಿಲ್ಲ, ಕಿವಿಯಿಂದ ಕೇಳುತ್ತೇನೆ. ಮೊನ್ನೆ ನಾಗಸಂದ್ರದ ಮೆಟ್ರೊ ನಿಲ್ದಾಣದಿಂದ ಇಳಿದು ಬರುತ್ತಿದ್ದಾಗ ಮೆಟ್ಟಿಲ ಬುಡದಲ್ಲಿ ಒಬ್ಬಾತ ಪ್ಲಾಸ್ಟಿಕ್ ಹಾಳೆ ಹಾಸಿ, ಬಾಚಣಿಗೆ, ಉಗುರುಕತ್ತರಿಗಳ ನಡುವೆ ಜೇಬಿನ ಚಾಕುಗಳನ್ನೂ ಸಾಲಾಗಿ ಇಟ್ಟುಕೊಂಡಿದ್ದ. "ತಗೊಳ್ಳಿ ಮೇಡಂ, ಸಕ್ಕತ್ ಮಾಲು" ಎಂದ. ಒಂದನ್ನು ಎತ್ತಿಕೊಂಡು, ಅಲಗಿನ ಮೇಲಿನ ಗೀರಿಗೆ ಉಗುರು ಸಿಕ್ಕಿಸಿ, ಕಿವಿಯ ಹತ್ತಿರ ಹಿಡಿದು ತೆರೆದೆ. ಒಳ್ಳೆಯ ಚಾಕು ಮೊದಲು ಸ್ವಲ್ಪ ಬಿಗುಮಾನ ಮಾಡಬೇಕು, ಆಮೇಲೆ ತಾನಾಗಿಯೇ ಹೋಗಿ ಟಕ್ ಎಂದು ಕೂರಬೇಕು. ಇದಕ್ಕೆ ಬಿಗುಮಾನವೂ ಇಲ್ಲ, ದನಿಯೂ ಇಲ್ಲ. ಅಲಗು ಅತ್ತಿತ್ತ ತೂಗಾಡುತ್ತಿತ್ತು. ಕೆಳಗಿಟ್ಟೆ. ಆತನಿಗೆ ರೇಗಿತು. "ಇಷ್ಟ್ ಕಮ್ಮಿ ರೇಟಿಗೆ ಇನ್ನೇನ್ ಮೇಡಂ ಬರತ್ತೆ?" ಎಂದ. ಪಾಪ, ಅವನಿಗೇನು ಗೊತ್ತು. ಇದೇ ಮಾತನ್ನು ನಾನು ಚಿಕ್ಕವಳಿದ್ದಾಗ ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ. ಅಷ್ಟು ಜನರ ನಡುವೆ, ಡೀಸೆಲ್ ಹೊಗೆಯ ನಡುವೆ, ಎಲ್ಲಿಂದಲೋ ಸೀಗೆಪುಡಿಯ ವಾಸನೆ ಬಂದಂತಾಗಿ ಕಂಬ ಹಿಡಿದು ನಿಂತುಬಿಟ್ಟೆ.

ನಮ್ಮ ಮನೆ ಪೀಣ್ಯದ ಹಳೆಯ ಊರೊಳಗಿತ್ತು. ಈಗ ಹುಡುಕಿದರೆ ಸಿಗುವುದಿಲ್ಲ, ಅಲ್ಲೊಂದು ಗೋದಾಮು ಇದೆ. ನಡುಮನೆಯ ಮೂಲೆಯಲ್ಲಿ ರಾಗಿಕಲ್ಲು, ಹಿತ್ತಿಲಲ್ಲಿ ನಿಂಬೆ ಗಿಡ, ಬಚ್ಚಲ ಗೂಡಿನಲ್ಲಿ ಅಜ್ಜಿಯ ಸೀಗೆಪುಡಿಯ ಡಬ್ಬ. ನಮ್ಮ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋದಾಗ ಅಪ್ಪನಿಗೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತ್ತು. ರಾಗಿ ಬೆಳೆಯುತ್ತಿದ್ದ ಕೈ ಕಬ್ಬಿಣ ಕಲಿಯಿತು, ಚೆನ್ನಾಗಿಯೇ ಕಲಿಯಿತು. ಆದರೆ ಒಂದು ಬೆಳಿಗ್ಗೆ ಡಬ್ಬಿ ಹಿಡಿದು ಹೋದವರು ಡಬ್ಬಿಯ ಅನ್ನ ಹಾಗೇ ಇಟ್ಟುಕೊಂಡು ವಾಪಸು ಬಂದರು. ಗೇಟಿಗೆ ಬೀಗ ಬಿದ್ದಿತ್ತು. ಆ ಬೀಗ ಮತ್ತೆ ತೆಗೆಯಲೇ ಇಲ್ಲ. ಹೊಲವೂ ಇಲ್ಲ, ಕೆಲಸವೂ ಇಲ್ಲ. ಕಣಜದಲ್ಲಿ ರಾಗಿ ಕಂಡವರು ಅಂಗಡಿಯಿಂದ ಪೊಟ್ಟಣದಲ್ಲಿ ತರುವ ಹೊತ್ತಿಗೆ ಅಮ್ಮನ ಸಾರು ದಿನದಿಂದ ದಿನಕ್ಕೆ ನೀರಾಗುತ್ತ ಬಂತು.

ಆಗ ಅಪ್ಪ ಚಾಕು ಮಾಡಲು ಹೊರಟರು. ಹೆದ್ದಾರಿ ಪಕ್ಕದ ಒಂದು ತಗಡಿನ ಶೆಡ್ಡು, ಒಂದು ಹಳೆಯ ಡ್ರಿಲ್ಲಿಂಗ್ ಮೆಷಿನ್ನು, ಒಂದು ಸಾಣೆ, ಇಷ್ಟೇ ಬಂಡವಾಳ. ಮರದ ಮಿಲ್ಲಿನವರು ಎಸೆದ ಹಳೆಯ ಗರಗಸದ ಉಕ್ಕು ಅಲಗಾಗುತ್ತಿತ್ತು, ಕಾರ್ಖಾನೆಗಳ ಮುಂದೆ ಬಿದ್ದಿರುತ್ತಿದ್ದ ಪೆಟ್ಟಿಗೆಯ ಮರ ಹಿಡಿಯಾಗುತ್ತಿತ್ತು. ಅಲಗನ್ನು ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಏಳುತ್ತಿದ್ದ ಹೊಗೆಯ ವಾಸನೆ ಅಪ್ಪನ ಅಂಗಿಯಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಹಾಗೆ ಅದ್ದಿದ ಉಕ್ಕು ಗಾಜಿನಂತೆ ಸಿಡಿಯುತ್ತದಂತೆ. ಅದಕ್ಕೆ ಹದ ಬರಿಸುವ ಕೆಲಸ ಮಾತ್ರ ಅಮ್ಮನ ಒಲೆಯ ಮೇಲೆ. ತೂತಾದ ಬಾಣಲೆಗೆ ತಗಡು ಬಡಿದು, ಮರಳು ತುಂಬಿ ಕಾಯಿಸಿ, ಕಡಲೆಕಾಯಿ ಹುರಿದ ಹಾಗೆ ಅಲಗುಗಳನ್ನು ಹೊರಳಿಸುತ್ತ, ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಬೇಕು. "ನನ್ನ ಒಲೆ ಮೇಲೆ ಬೇಯಿಸಿದ್ದು ಇದೊಂದನ್ನ ಮಾತ್ರ ತಿನ್ನೋಕಾಗಲ್ಲ" ಎಂದು ಅಮ್ಮ ನಗುತ್ತಿದ್ದಳು. ಆ ದಿನಗಳಲ್ಲಿ ಅವಳು ನಕ್ಕಿದ್ದು ಕಡಿಮೆ, ಅದಕ್ಕೇ ನೆನಪಿದೆ.

ಚಾಕು ನೋಡಲು ಏನೂ ಚೆಂದವಿರಲಿಲ್ಲ. ಹಿಡಿಗೆ ಹೊಳಪಿಲ್ಲ, ಮೇಲೆ ಹೆಸರಿಲ್ಲ. ಆದರೆ ತೆರೆದರೆ ಟಕ್ ಎನ್ನುತ್ತಿತ್ತು, ಮಡಿಸಿದರೆ ಅಲಗು ಹಿಡಿಯ ಸಂದಿನ ನಟ್ಟನಡುವೆ ಹೋಗಿ ಮಲಗುತ್ತಿತ್ತು. ಇಷ್ಟು ಕಡಿಮೆಗೆ ಮಾರುವ ಮಾಲಿಗೆ ಇಷ್ಟೊಂದು ಯಾಕೆ ಜೀವ ತೇಯುತ್ತೀರಿ ಎಂದು ಅಮ್ಮ ಒಮ್ಮೆ ಕೇಳಿದಳು. ಅಪ್ಪ ತಲೆ ಎತ್ತದೆ ಹೇಳಿದರು: "ದುಡ್ಡಿರೋನು ಹಾಳಾದ್ರೆ ಇನ್ನೊಂದು ತಗೋತಾನೆ ಕಣೆ. ಇಲ್ದೋನು ಅದೊಂದ್ರಲ್ಲೇ ಕಾಲ ತಳ್ಳಬೇಕು. ಒಳ್ಳೇದು ಬೇಕಿರೋದು ಅವನಿಗಲ್ವಾ?"

ಚಿಕ್ಕಪೇಟೆಯ ಒಬ್ಬ ಸಗಟು ವ್ಯಾಪಾರಿ ಒಂದು ಚಾಕು ಇಟ್ಟುಕೊಂಡು, ಶ್ರಾವಣ ಕಳೆಯುವವರೆಗೂ ಅದರಲ್ಲೇ ಅಂಗಡಿಯ ಹುರಿ, ಗೋಣಿ ಎಲ್ಲ ಕೊಯ್ದು ನೋಡಿದರು. ಮೆಚ್ಚಿದರು. ದಸರಾ ಕಳೆದ ಮೇಲೆ ಮೊದಲ ಲಾಟು ತನ್ನಿ, ಚೆನ್ನಾಗಿದ್ದರೆ ಪ್ರತಿ ತಿಂಗಳೂ ನಿಮ್ಮದೇ ಎಂದರು. ಇತ್ತ ಶೆಡ್ಡಿನ ಯಜಮಾನ, ಬೇರೆ ಪಾರ್ಟಿ ಬಂದಿದ್ದಾರೆ, ದೀಪಾವಳಿಯೊಳಗೆ ಕೆಲಸ ಕುದುರದಿದ್ದರೆ ಖಾಲಿ ಮಾಡಿ ಎಂದು ಕೂತಿದ್ದ. ಆ ಲಾಟೇ ನಮ್ಮ ಬದುಕು. ಅಪ್ಪ ಊಟ ನಿದ್ದೆ ಬಿಟ್ಟು ಮುಗಿಸಿದರು. ಶೆಡ್ಡು ಸೋರುತ್ತಿದ್ದುದರಿಂದ, ಒಂದೊಂದು ಚಾಕುವಿಗೂ ಎಣ್ಣೆ ಸವರಿ, ರಟ್ಟಿನ ಡಬ್ಬಗಳಿಗೆ ತುಂಬಿ ಮನೆಯ ಅಟ್ಟದ ಮೇಲೆ ಇಟ್ಟರು.

ಆಯುಧ ಪೂಜೆಯ ದಿನ ಜಿನುಗು ಮಳೆ. ಅಪ್ಪ ಮೆಷಿನ್ನುಗಳ ಪೂಜೆಗೆಂದು ಶೆಡ್ಡಿಗೆ ಹೋಗಿದ್ದರು. ಅಜ್ಜಿ ಅಟ್ಟದಿಂದ ಡಬ್ಬಗಳನ್ನು ಇಳಿಸು ಎಂದಳು. ಅಮ್ಮನಿಗೆ ಅಳುಕು. "ಎಣ್ಣೆ ಹಾಕಿ ಇಟ್ಟವ್ರೆ ಅತ್ತೆ, ಬ್ಯಾಡ" ಎಂದಳು.

"ಎಣ್ಣೆ ಜಿಡ್ಡಿನ ಮ್ಯಾಲೆ ಅರಿಸ್ಣ ಕುಂಕ್ಮ ನಿಲ್ತದೇನೆ? ತೊಳೀದೆ ಮಾಡುದ್ರೆ ಅದೂ ಒಂದು ಪೂಜೆನಾ? ದೇವ್ರು ನನ್ ಮಗನ ಕೈ ಇಡೀಲಿ ಅಂತ ಕೇಳ್ಕೊಳೋಳು ನಾನು. ತತ್ತಾ ಇತ್ಲಾಗೆ" ಎಂದಳು ಅಜ್ಜಿ.

ನಾವು ಮೂವರೂ ಬಚ್ಚಲ ಮುಂದೆ ಕೂತೆವು. ಅಜ್ಜಿ ಸೀಗೆಪುಡಿ ಕಲೆಸಿ ಒಂದೊಂದೇ ಚಾಕುವಿನ ಎಣ್ಣೆ ತೊಳೆದಳು, ನಿಂಬೆ ಹೋಳಿನಿಂದ ಉಜ್ಜಿ ಫಳಫಳ ಮಾಡಿದಳು, ಸೆರಗಿನಲ್ಲಿ ಒರೆಸಿದಳು, ಅಲಗಿನ ಬುಡಕ್ಕೆ ನೀರಲ್ಲಿ ಕಲೆಸಿದ ಅರಿಶಿನ ಬಳಿದು ಕುಂಕುಮ ಇಟ್ಟಳು. ಇಟ್ಟ ಕುಂಕುಮ ಅಳಿಸಬಾರದೆಂದು ಮೆಲ್ಲಗೆ ಮಡಿಸಿ, ಡಬ್ಬಕ್ಕೆ ತುಂಬಲು ಅಮ್ಮನಿಗೆ ಕೊಟ್ಟಳು. ತುಂಬಿದ ಡಬ್ಬದ ಮುಚ್ಚಳದ ಮೇಲೆ ನಾನು ಕುಂಕುಮ, ಒಂದು ಸೇವಂತಿಗೆ ಎಸಳು ಇಡುತ್ತಿದ್ದೆ. ಜೀವಮಾನವೆಲ್ಲ ಅವಳು ಕುಡುಗೋಲಿಗೆ, ಗುದ್ದಲಿಗೆ ಹೀಗೆಯೇ ಮಾಡಿದ್ದಳು. ಅವು ಬಯಲಿಗೆ ಬಿದ್ದಿರುವ ಸಾಮಾನು, ಒಂದು ಗಾಳಿಗೆ ಒಣಗುತ್ತವೆ. ಮಡಿಸುವ ಚಾಕುವಿನ ಹೊಟ್ಟೆಯೊಳಗೆ ನೀರು ಕೂತರೆ ಎಲ್ಲಿಗೆ ಹೋಗಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅಷ್ಟು ಭಕ್ತಿಯಿಂದ ಮಾಡಿದೆವು. ಸಂಜೆ ಬಂದ ಅಪ್ಪ ಡಬ್ಬಗಳ ಮುಚ್ಚಳದ ಮೇಲಿನ ಕುಂಕುಮ ನೋಡಿ, ಹೊರಗಿಂದ ಪೂಜೆ ಮಾಡಿದ್ದಾರೆಂದುಕೊಂಡು, ಅಜ್ಜಿಯ ಕಾಲಿಗೆ ಬಿದ್ದರು. ಪೂಜೆಗಿಟ್ಟ ಸಾಮಾನನ್ನು ಆ ದಿನ ಮುಟ್ಟುವ ಹಾಗಿಲ್ಲ. ಆಮೇಲೆಯೂ, ಎಣ್ಣೆ ಹಾಕಿ ತುಂಬಿದ್ದೇ ಎಂಬ ಧೈರ್ಯದಲ್ಲಿ, ತೆಗೆದು ನೋಡಲಿಲ್ಲ.

ಹಬ್ಬ ಕಳೆದು, ಪೇಟೆಯ ಅಂಗಡಿಗಳು ಬಾಗಿಲು ತೆರೆದ ಮೇಲೆ ಅಪ್ಪ ಹೊರಟರು. ಶಾಲೆಗೆ ರಜ, ಪೇಟೆ ನೋಡಲೆಂದು ನಾನೂ ಹಿಂದೆ ಬಿದ್ದೆ. ಬಸ್ಸಿನಲ್ಲಿ ಅಪ್ಪ ಡಬ್ಬಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಬ್ರೇಕು ಹಾಕಿದಾಗಲೆಲ್ಲ ಎರಡೂ ಕೈಯಿಂದ ತಬ್ಬಿಕೊಳ್ಳುತ್ತಿದ್ದರು. ವ್ಯಾಪಾರಿ ನಗುನಗುತ್ತ ಮೊದಲನೆಯದನ್ನು ಎತ್ತಿಕೊಂಡರು. ಉಗುರು ಜಾರಿತು. ಇನ್ನೊಂದು. ಅದೂ ಬರಲಿಲ್ಲ. ಮೂರನೆಯದನ್ನು ಇಕ್ಕಳ ಹಾಕಿ ಎಳೆದರು. ಕರಕರ ಎಂದು ಬಾಯಿ ಬಿಟ್ಟಿತು. ಅಲಗಿನ ಬುಡದಲ್ಲಿ ಕೆಂಪನೆಯ ಕೆಸರು. ವ್ಯಾಪಾರಿ ಅದನ್ನು ಹೆಬ್ಬೆರಳಲ್ಲಿ ತಿಕ್ಕಿ ಬೆಳಕಿಗೆ ಹಿಡಿದರು. "ಏನ್ರೀ ಇದು? ಬರೀ ತುಕ್ಕು!"

ಅಪ್ಪ ಚಾಕು ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು. ಸೀಗೆಪುಡಿಯ ವಾಸನೆ ನನಗೂ ಬಂತು. ನಾನು "ಅಜ್ಜಿ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವರ ಕೈ ನನ್ನ ಹೆಗಲನ್ನು ಅದುಮಿತು. "ಮಳೆಗಾಲ ಸಾರ್, ಎಣ್ಣೆ ಕಮ್ಮಿ ಹಾಕ್ಬಿಟ್ಟಿದೀನಿ. ತಪ್ಪು ನಂದೇ. ಒಂದ್ ವಾರ ಟೈಮ್ ಕೊಡಿ, ಒಂದೊಂದೂ ಸರಿಮಾಡ್ಕೊಂಡು ತರ್ತೀನಿ, ನಿಮ್ಮ ಕಾಲಿಗೆ ಬೀಳ್ತೀನಿ ಸಾರ್" ಎಂದರು. ಅಪ್ಪ ಯಾರೆದುರಿಗೂ ಹಾಗೆ ಅಂಗಲಾಚಿದ್ದನ್ನು ನಾನು ನೋಡಿರಲಿಲ್ಲ. ವ್ಯಾಪಾರಿ ಕೆಟ್ಟವರೇನಲ್ಲ. ಬೇಸರದಿಂದ ಡಬ್ಬ ಮುಚ್ಚಿದರು. "ಇಷ್ಟ್ ಕಮ್ಮಿ ರೇಟಿಗೆ ಇನ್ನೇನ್ರೀ ಬರತ್ತೆ? ನಂಬಿದ್ದು ನನ್ನ ತಪ್ಪು. ಆಯ್ತು, ತನ್ನಿ ನೋಡೋಣ" ಎಂದರು.

ಆ ವಾರ ನಮ್ಮ ಮನೆಯಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲ. ಅಜ್ಜಿಗೆ ಗೊತ್ತಾಗದ ಹಾಗೆ ಅಪ್ಪ, ಅಮ್ಮ, ನಾನು ಶೆಡ್ಡಿನಲ್ಲಿ ಕೂತು ಸೀಮೆಎಣ್ಣೆಯಲ್ಲಿ ಚಾಕು ನೆನೆಸಿ, ಬಿಡಿಸಿ, ಮರಳುಕಾಗದದಲ್ಲಿ ತಿಕ್ಕಿದೆವು. ಅಮ್ಮನ ಉಗುರುಗಳು ಕಿತ್ತುಬಂದವು. ತುಕ್ಕು ಹೋಯಿತು, ತುಕ್ಕು ತಿಂದ ಕಪ್ಪು ಗುಳಿಗಳು ಹೋಗಲಿಲ್ಲ. ಗುಳಿ ಹೋಗಲೆಂದು ಅಪ್ಪ ಸಾಣೆಗೆ ಕೊಟ್ಟರು. ಆತುರದಲ್ಲಿ ಅಲಗು ಕಾಯ್ದು ನೀಲಿಗೆ ತಿರುಗಿತು. ನೀಲಿಯಾದರೆ ಹದ ಹೋಯಿತೆಂದೇ ಅರ್ಥ. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದನ್ನು ಕೊಟ್ಟರು, ಮತ್ತೊಂದನ್ನು ಕೊಟ್ಟರು, ಹುಚ್ಚು ಹಿಡಿದವರ ಹಾಗೆ. ಕೊನೆಗೆ ಸ್ವಿಚ್ಚು ಆರಿಸಿ ನೆಲದ ಮೇಲೆ ಕೂತುಬಿಟ್ಟರು. ಅಮ್ಮ ಅಲ್ಲಿಯವರೆಗೂ ತಡೆದುಕೊಂಡಿದ್ದವಳು, ಇವತ್ತು ಅತ್ತೆಗೆ ಹೇಳಿಯೇ ಬಿಡುತ್ತೇನೆ ಎಂದು ಎದ್ದಳು. ಅಪ್ಪ ಅವಳ ಸೀರೆಯ ಸೆರಗು ಹಿಡಿದುಕೊಂಡರು. "ಅವ್ವ ಬೇಡ್ಕೊಂಡಿದ್ದು ನನಗೋಸ್ಕರ ಕಣೆ. ಯಾರೂ ಅದನ್ನ ಆಡ್ಬೇಡಿ, ನಿಮ್ ದಮ್ಮಯ್ಯ."

ಲಾಟು ಗುಜರಿಗೆ ಹೋಯಿತು, ಡ್ರಿಲ್ಲಿಂಗ್ ಮೆಷಿನ್ನೂ ಅದರ ಹಿಂದೆಯೇ ಹೋಯಿತು. ಶೆಡ್ಡು ಖಾಲಿಯಾಯಿತು. ಮಾಲೆಲ್ಲ ಮಾರಿಹೋಯಿತು, ಶೆಡ್ಡನ್ನು ಮಾತ್ರ ಯಜಮಾನ ಬೇರೆ ಪಾರ್ಟಿಗೆ ಕೊಟ್ಟುಬಿಟ್ಟ ಎಂದು ಅಜ್ಜಿಗೆ ಹೇಳಿದರು. ಅಪ್ಪ ಜಾಲಹಳ್ಳಿ ಕಡೆ ಒಂದು ಗೇಟಿನಲ್ಲಿ ಕಾವಲಿಗೆ ನಿಂತರು. ಇಡೀ ದಿನ ಸುಮ್ಮನೆ ನಿಲ್ಲುವ ಕೆಲಸ, ಆ ಕೈಗಳಿಗೆ ಏನೂ ಕೆಲಸವಿಲ್ಲ. ಊಟಕ್ಕೆ ಕೂತಾಗ ತಟ್ಟೆಯ ಅಂಚನ್ನು ಬೆರಳಲ್ಲಿ ಸವರಿ ಸವರಿ ನೋಡುತ್ತಿದ್ದರು.

ಮುಂದಿನ ವರ್ಷದ ಆಯುಧ ಪೂಜೆಗೆ ಅಜ್ಜಿ ಸೀಗೆಪುಡಿ ಕಲೆಸಿಕೊಂಡು ಕೂತು ಕರೆದಳು. "ಎಲ್ಲಪ್ಪಾ ಚಾಕು? ಓದ್ ವರ್ಸದ್ದು ಒಂದೂ ಉಳೀದಂಗೆ ಮಾರಿ ಒಂಟೋಯ್ತಲ್ಲ, ನೋಡ್ದಾ ಪೂಜೆ ಮಾಡಿದ್ದುಕ್ಕೆ?" ಅಮ್ಮ ಅಡುಗೆಮನೆಗೆ ಹೋಗಿಬಿಟ್ಟಳು. ಅಪ್ಪ ಜೇಬಿನಿಂದ ತಮ್ಮ ಚಾಕು ತೆಗೆದರು. ಅವರು ಎಲ್ಲಕ್ಕಿಂತ ಮೊದಲು ಮಾಡಿದ್ದು, ದಿನವೂ ಎಣ್ಣೆ ಹಾಕಿ ಇಟ್ಟುಕೊಂಡಿದ್ದು, ನಮ್ಮಲ್ಲಿ ಉಳಿದಿದ್ದ ಒಂದೇ ಒಂದು. ಅದನ್ನು ತಾವೇ ತೆರೆದು, ಟಕ್ ಎಂದ ಮೇಲೆ, ಅಜ್ಜಿಯ ಅಂಗೈಯಲ್ಲಿಟ್ಟರು. "ಹೂಂ ಕಣವ್ವ, ಎಲ್ಲಾ ನಿನ್ ಪೂಜೆಯಿಂದ್ಲೇ" ಎಂದರು. ಅವಳು ತೊಳೆದಳು, ನಿಂಬೆ ತಿಕ್ಕಿದಳು, ಅರಿಶಿನ ಕುಂಕುಮ ಇಟ್ಟು ಮಡಿಸಿದಳು. ಅಪ್ಪ ಅದನ್ನು ದೇವರ ಗೂಡಿನಲ್ಲಿಟ್ಟರು. ಮಾರನೆಯ ದಿನ ಒರೆಸಲಿಲ್ಲ, ಮತ್ತೆ ಜೇಬಿಗೂ ಹಾಕಿಕೊಳ್ಳಲಿಲ್ಲ. ಅದರ ಮುಂದಿನ ವರ್ಷ ಅದು ತೆರೆಯಲಿಲ್ಲ. ಅಜ್ಜಿ ಮಡಿಸಿದ ಚಾಕುವಿನ ಮೇಲೆಯೇ ಕುಂಕುಮ ಇಟ್ಟಳು.

ಈಗ ಮೂವರೂ ಇಲ್ಲ, ಆ ಮನೆಯೂ ಇಲ್ಲ. ಚಾಕು ನನ್ನ ಹತ್ತಿರವಿದೆ. ಸಂದಿನಲ್ಲಿ ಕೂತಿರುವ ಕೆಂಪು, ತುಕ್ಕೋ ಕುಂಕುಮವೋ ಹೇಳಲು ಬಾರದು. ನಾಗಸಂದ್ರದ ಆತನಿಗೆ ಅವತ್ತು ಒಂದು ಮಾತು ಹೇಳಬೇಕಿತ್ತು: ಅಷ್ಟು ಕಡಿಮೆ ರೇಟಿಗೂ ಒಳ್ಳೆಯ ಚಾಕು ಬರುತ್ತಿತ್ತಪ್ಪಾ, ನಾನು ನೋಡಿದ್ದೇನೆ, ಅದರ ದನಿ ಕೇಳಿದ್ದೇನೆ. ಹೇಳಿದ್ದರೆ ತೋರಿಸಿ ಎನ್ನುತ್ತಿದ್ದನೇನೋ. ಮನೆಗೆ ಬಂದು ಅದನ್ನು ಕೈಗೆ ತೆಗೆದುಕೊಂಡೆ, ಗೀರಿಗೆ ಉಗುರು ಸಿಕ್ಕಿಸಿದೆ, ಹಾಗೇ ಬಿಟ್ಟೆ. ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಸಿದರೆ ಇವತ್ತಿಗೂ ತೆರೆದೀತು, ಅಪ್ಪನ ಕೆಲಸ ಅಂಥದು. ಎಣ್ಣೆಯ ಬಾಟಲಿ ಅಲ್ಲೇ ಪಕ್ಕದ ಗೂಡಿನಲ್ಲಿದೆ. ಹಾಕಿದರೆ, ಅಪ್ಪ ಒರೆಸದೆ ಬಿಟ್ಟ ಅಜ್ಜಿಯ ಕುಂಕುಮವೂ ತುಕ್ಕಿನ ಜೊತೆ ಕರಗಿ ಹೋದೀತು. ನಾನು ಹಾಕುವುದಿಲ್ಲ.