ಬಂದರು ಮುಟ್ಟದ ಹಡಗು ಯಾರದು

ಆ ಆಟದ ರೂಲ್ಸ್ ಬರೆದವನ ತಲೆಗೆ ಎರಡು ಬಿಡಬೇಕು ಅಂತ ಎಷ್ಟು ಭಾನುವಾರ ಬೈದಿದ್ದೇನೋ ನಾನು. ಆರ್.ಟಿ. ನಗರದಿಂದ ನನ್ನ ತಮ್ಮ ಯಲಹಂಕದ ನಮ್ಮ ಮನೆಗೆ ತಿಂಡಿ ಹೊತ್ತಿಗೆ ಬರುತ್ತಿದ್ದ. ಇಡ್ಲಿ ತಿಂದು ಕೈ ತೊಳೆದ ಮೇಲೆ ಇಬ್ಬರೂ ಮಹಡಿಯ ಕೋಣೆಯಲ್ಲಿ ಹಡಗಿನ ಯುದ್ಧಕ್ಕೆ ಕೂರುತ್ತಿದ್ದೆವು. ನಾನು ಐವತ್ತು ದಾಟಿದವಳು, ಅವನೂ ಅದರ ಹತ್ತಿರಕ್ಕೆ ಬಂದಿದ್ದ. ಮನೆಯವರು ನಗುತ್ತಿದ್ದರು. ನಕ್ಕೊಳ್ಳಲಿ.

ಮೇಜಿನ ತುಂಬ ನೀಲಿ ಚೌಕಗಳ ಸಮುದ್ರ, ಈ ಕಡೆ ನನ್ನ ಬಂದರು, ಆ ಕಡೆ ಅವನದು. ನನಗೆ ಮುಳುಗಿಸುವುದೇ ಇಷ್ಟ. ಅವನೋ, ತನ್ನ ಹಡಗಿಗೆ ಎರಡು ಗುಂಡು ಬಿದ್ದರೆ ಸಾಕು, ಬಿಳಿ ಬಾವುಟ ಸಿಕ್ಕಿಸಿಬಿಡುತ್ತಿದ್ದ.

"ಥೂ, ನಾಚಿಕೆ ಆಗಲ್ವೇನೋ ನಿಂಗೆ?"

"ಹಡಗಲ್ಲಿ ಜನ ಇದಾರೆ ಕಣಕ್ಕಾ. ಯಾಕ್ ಸುಮ್ನೆ ಸಾಯಿಸ್ಬೇಕು?"

ಜನವಂತೆ! ಹೆಬ್ಬೆರಳಷ್ಟಿದ್ದ ಪ್ಲಾಸ್ಟಿಕ್ ಹಡಗಿನಲ್ಲಿ.

ಶರಣಾದ ಹಡಗಿನ ಲೆಕ್ಕವೇ ಬೇರೆ. ಹಿಡಿದವರು ಅದನ್ನು ತಮ್ಮ ಬಂದರಿಗೆ ಎಳೆದುಕೊಂಡು ಹೋಗಬೇಕು, ಒಂದು ಸರದಿಗೆ ಒಂದೇ ಚೌಕ. ಬಂದರು ಮುಟ್ಟಿದರೆ ಮುಳುಗಿಸಿದ್ದಕ್ಕಿಂತ ಎರಡರಷ್ಟು ಅಂಕ. ಮುಟ್ಟುವ ಮೊದಲೇ ಆಟ ಮುಗಿದರೆ ಒಂದಂಕವೂ ಇಲ್ಲ, ಹಡಗು ಮೊದಲು ಯಾರದಿತ್ತೋ ಅವರಿಗೇ ವಾಪಸ್ಸು. ನಾನು ಉರಿದುಬೀಳುತ್ತಿದ್ದದ್ದು ಇದಕ್ಕೇ. ನಾನು ಹಿಡಿದ ಹಡಗು, ನಾನು ಎಳೆದ ಹಡಗು, ಅದು ಹೇಗೆ ಅವನದಾಗುತ್ತದೆ? "ರೂಲ್ಸ್ ಅಂದ್ರೆ ರೂಲ್ಸು ಕಣಕ್ಕಾ" ಅಂತ ಅವನು ಹಲ್ಲು ಕಿರಿಯುತ್ತಿದ್ದ.

ಕೊನೆಯ ಆಟದಲ್ಲಿ ಅವನ ಮೂರು ಹಡಗು ನನ್ನ ಕೈಲಿದ್ದವು. ನನ್ನ ಬಂದರಿಗೆ ಎರಡೇ ಚೌಕ ಬಾಕಿ, ಆಡಬೇಕಾದವನು ಅವನು. ಅಷ್ಟರಲ್ಲಿ ಗಡಿಯಾರ ನೋಡಿ ಎದ್ದ.

"ಹೆಬ್ಬಾಳದ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೆ ಕಥೆ ಅಷ್ಟೇ. ಮುಂದಿನ್ ವಾರ ಆಡೋಣ. ನನ್ ಸರದಿ, ಮುಟ್ಬೇಡ!"

"ಹೋಗೋ ಹೋಗೋ, ಸೋಲ್ತೀನಿ ಅಂತ ಓಡ್ತಿದೀಯ" ಅಂದೆ. ಅವನು ನಗುತ್ತಲೇ ಮೆಟ್ಟಿಲಿಳಿದ.

ಗುರುವಾರ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದವನು ಬಚ್ಚಲಲ್ಲೇ ಕುಸಿದನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದ.

ತಿಥಿ ಆಯಿತು, ನೆಂಟರು ಹೋದರು. ಮಹಡಿಯ ಮೇಜನ್ನು ಮಾತ್ರ ನಾನು ಯಾರಿಗೂ ಮುಟ್ಟಲು ಬಿಡಲಿಲ್ಲ. ಧೂಳು ಒರೆಸಲು ಬಂದ ಕೆಲಸದವಳ ಮೇಲೆ ಕಿರುಚಾಡಿದೆ. ಬಟ್ಟೆ ಮಡಚಿಡಲು ಜಾಗ ಕೇಳಿದ ಗಂಡನ ಮೇಲೂ ಹರಿಹಾಯ್ದೆ. ತಮ್ಮನ ಸರದಿ ಬಾಕಿ ಇದೆಯಲ್ಲ, ಆಟ ಎಲ್ಲಿ ಮುಗಿಯಿತು? ಮುಗಿಯಿತು ಅನ್ನುವ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ, ಅಷ್ಟೇ.

ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಬಂದಳು. ಆಟದ ಡಬ್ಬ ಅವನು ಕೊಂಡದ್ದು.

"ಅವ್ರ ಸಾಮಾನೆಲ್ಲಾ ಒಂದ್ ಕಪಾಟಲ್ಲಿ ಇಡ್ತಿದೀನಿ ಅತ್ತಿಗೆ. ಅದೂ ಇದ್ರೆ..." ಅಂದಳು. ಇಲ್ಲ ಅನ್ನಲು ನಾನು ಯಾರು?

ಮೇಲಕ್ಕೆ ಕರೆದುಕೊಂಡು ಹೋದೆ. ಅವಳು ಮೇಜನ್ನೇ ನೋಡುತ್ತ ನಿಂತಳು. ಈ ಆಟ ಅವಳಿಗೆ ಗೊತ್ತಿಲ್ಲ.

"ಇದ್ರಲ್ಲಿ ಯಾರ್ ಗೆದ್ರು?"

ನಾನು ಕೂತು ಲೆಕ್ಕ ಹಾಕಿದೆ. ಆ ಎರಡು ಚೌಕ ದಾಟಿದ್ದರೆ ನಾನು ಗೆಲ್ಲುತ್ತಿದ್ದೆ. ದಾಟಿರಲಿಲ್ಲ, ಅಂಕ ಅವನದೇ ಮುಂದಿತ್ತು. ಒಂದೊಂದೇ ಬಿಳಿ ಬಾವುಟ ಕಿತ್ತೆ. ಮೂರೂ ಹಡಗನ್ನು ಸಮುದ್ರದ ಆಚೆಗೆ ತಂದು ಅವನ ಬಂದರಿನಲ್ಲಿ ನಿಲ್ಲಿಸಿದೆ. ಒಂದು ಮಗುಚಿಕೊಂಡಿತು, ಎತ್ತಿ ನಿಲ್ಲಿಸಿದೆ.

"ಆಟ ಮುಗೀತು. ನಿನ್ ಗಂಡ ಗೆದ್ದ ಕಣಮ್ಮಾ."

"ಹೌದಾ? ಯಾವಾಗ್ಲೂ ಅಕ್ಕನೇ ಗೆಲ್ಲೋದು ಅಂತಿದ್ರು" ಅಂದು ಅವಳು ನಗಲು ಹೋಗಿ ಅತ್ತುಬಿಟ್ಟಳು.

ಎಲ್ಲವನ್ನೂ ಡಬ್ಬಕ್ಕೆ ತುಂಬಿ ಕೊಟ್ಟು, ಆಟೋ ಹತ್ತಿಸಿ ಬಂದೆ. ಆಮೇಲೆ ಮಹಡಿಗೆ ಹೋಗಿ ಖಾಲಿ ಮೇಜಿನ ಮುಂದೆ ಕೂತು, "ಮೋಸ ಕಣೋ, ಇದು ಮೋಸ" ಅಂತ ಕೆಳಗಿನವರಿಗೂ ಕೇಳುವಷ್ಟು ಜೋರಾಗಿ ಬೈದೆ. ರೂಲ್ಸ್ ಅಂದ್ರೆ ರೂಲ್ಸು ಅನ್ನಲು ಎದುರಿಗೆ ಯಾರೂ ಇರಲಿಲ್ಲ.